ಸಹಿ ಹಾಕೋ ಅಪ್ಪ ಹೆಬ್ಬೆಟ್ಟು ಯಾಕೆ ಒತ್ತಿದ್ರು?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ವಿಲ್ ಜಗಳದ್ದೇ, ಅದಕ್ಕೆ ಬಾಡಿಗೆದಾರರ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಇಟ್ಟಿದೀನಿ, ಬೇಜಾರ್ ಮಾಡ್ಕೋಬೇಡಿ. ಬರೆದವರ ಹೆಸರು ಹಾಕಿಲ್ಲ.

ಪ್ರಶ್ನೆ: ಮೇಡಂ, ನಮ್ಮದು ತಿಪಟೂರು ಕಡೆ. ಅಪ್ಪ ಹೋಗಿ ಎರಡು ತಿಂಗಳಾಯ್ತು. ಹನ್ನೊಂದನೇ ದಿನದ ಕಾರ್ಯ ಮುಗಿದು ಊಟ ಆದ್ಮೇಲೆ ಅಣ್ಣ ಒಂದು ವಿಲ್ ತೆಗೆದು ತೋರಿಸಿದ, ನಾಲ್ಕು ಎಕರೆ ತೆಂಗಿನ ತೋಟ ಪೂರ್ತಿ ಅವನಿಗೇ ಅಂತೆ. 2019ರ ತಾರೀಖು ಇದೆ, ಇ-ಸ್ಟಾಂಪ್ ಪೇಪರ್ ಮೇಲೆ ಟೈಪ್ ಮಾಡಿದಾರೆ, ರಿಜಿಸ್ಟರ್ ಆಗಿಲ್ಲ, ಅಪ್ಪನ ಹೆಬ್ಬೆಟ್ಟಿದೆ. ಅಪ್ಪ ಯಾವಾಗ್ಲೂ ಸಹಿ ಹಾಕ್ತಿದ್ರು, 2021ರಲ್ಲಿ ಸ್ಟ್ರೋಕ್ ಆದ್ಮೇಲೆ ಬಲಗೈ ಹೋಯ್ತು. ಸಾಕ್ಷಿ ಇಬ್ರು, ಒಬ್ಬ ಅತ್ತಿಗೆ ತಮ್ಮ, ಇನ್ನೊಬ್ಬ ಅಣ್ಣನ ಫ್ರೆಂಡು. ಅಮ್ಮ ಇದಾಳೆ, ವಿಲ್‌ನಲ್ಲಿ ಅಮ್ಮನ ಹೆಸರೇ ಇಲ್ಲ. ಎರಡೂವರೆ ಎಕರೆ ತಾತನ ಕಾಲದ್ದು, ಒಂದೂವರೆ ಅಪ್ಪ ಕೊಂಡಿದ್ದು. ನಾನು, ತಂಗಿ ಇಬ್ರೂ 1994ಕ್ಕೆ ಮುಂಚೆ ಮದುವೆ ಆದೋರು, ನಮಗೆ ಹಕ್ಕೇ ಇಲ್ಲ ಅಂತಾನೆ. ಬರೀ ಪೌತಿ ಖಾತೆಗೆ (ತೀರ್ಕೊಂಡವರ ಖಾತೆ ವಾರಸುದಾರರ ಹೆಸರಿಗೆ ಮಾಡ್ಸೋದು) ಒಂದು ಸಹಿ ಹಾಕಿ ಅಂತ ದಿನಾ ಫೋನು. ಏನ್ ಮಾಡ್ಲಿ?

ಉತ್ತರ: ಮೊದಲು ಸಹಿ ವಿಷಯ ಹೇಳ್ಬಿಡ್ತೀನಿ ಅಮ್ಮ. ಹಾಕ್ಬೇಡಿ. ಖಾತೆಗೆ ಅಂತ ಹೇಳಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿರೋದನ್ನ ನಾನು ಬೇಕಾದಷ್ಟು ನೋಡಿದೀನಿ, ಆಮೇಲೆ ಅದನ್ನ ರದ್ದು ಮಾಡ್ಸೋಕೆ ಇನ್ನೊಂದು ಕೇಸು. ಅಣ್ಣನ ಮೇಲೆ ಕೋಪ ಮಾಡ್ಕೊಂಡು ಹೇಳೋದೂ ಬೇಡ, "ಓದಿಸಿ ನೋಡಿ ಹೇಳ್ತೀನಿ" ಅಂದ್ರೆ ಸಾಕು.

ಇನ್ನು ಮದುವೆ ಮಾತು. ಅಣ್ಣ ಹೇಳ್ತಿರೋದು ಹಳೇ ಕಥೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ನಮ್ಮ ರಾಜ್ಯದಲ್ಲಿ 1994ರಲ್ಲಿ ಬಂದ ತಿದ್ದುಪಡೀಲಿ ಅದಕ್ಕೆ ಮುಂಚೆ ಮದುವೆ ಆದ ಹೆಣ್ಮಕ್ಕಳನ್ನ ಬಿಟ್ಟಿದ್ರು ನಿಜ, ಆದ್ರೆ 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೀತು, 2020ರಲ್ಲಿ ವಿನೀತಾ ಶರ್ಮಾ ಕೇಸಲ್ಲಿ ಸುಪ್ರೀಂ ಕೋರ್ಟು ಮಗಳ ಹಕ್ಕು ಹುಟ್ಟಿನಿಂದ್ಲೇ ಬರೋದು ಅಂತ ಸ್ಪಷ್ಟ ಮಾಡ್ತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ಪಾಲುಪತ್ರನೋ ಕೋರ್ಟ್ ಡಿಕ್ರಿನೋ (ಪಾಲಿನ ಬಗ್ಗೆ ಕೋರ್ಟ್ ಆದೇಶ) ಇದ್ರೆ ಲೆಕ್ಕ ಬೇರೆ.

ಹಾಗಾಗಿ ಆ ಎರಡೂವರೆ ಎಕರೆ ನಿಜವಾಗ್ಲೂ ಪಿತ್ರಾರ್ಜಿತ ಆಗಿದ್ರೆ ಅಪ್ಪ ತಮ್ಮ ಪಾಲಿನದ್ದನ್ನ ಮಾತ್ರ ವಿಲ್ ಮಾಡಬಹುದು, ನಿಮ್ಮ ಪಾಲನ್ನ ಬರೆಯೋಕೆ ಅವರಿಗೆ ಅಧಿಕಾರ ಇರಲಿಲ್ಲ, ವಿಲ್ ನೂರಕ್ಕೆ ನೂರು ಅಸಲಿ ಆಗಿದ್ರೂ ಅಷ್ಟೇ. ಇಲ್ಲೊಂದು ಕೊಕ್ಕೆ ಇದೆ. "ತಾತನ ಕಾಲದ್ದು" ಅಂದ ತಕ್ಷಣ ಪಿತ್ರಾರ್ಜಿತ ಆಗಲ್ಲ. ತಾತ ತಾನೇ ದುಡಿದು ಕೊಂಡಿದ್ದು, ತಾತ 1956ರ ಆ ಉತ್ತರಾಧಿಕಾರ ಕಾಯ್ದೆ ಬಂದ್ಮೇಲೆ ವಿಲ್ ಬರೀದೇ ತೀರ್ಕೊಂಡಿದ್ದು ಆದ್ರೆ, ಅದರಿಂದ ಅಪ್ಪನಿಗೆ ಬಂದ ಭಾಗ ಅಪ್ಪನ ಸ್ವಂತದ್ದು ಅಂತ್ಲೇ ಲೆಕ್ಕ. ಅದಕ್ಕೆ ತಾಲ್ಲೂಕು ಆಫೀಸಿಂದ ಕೈಬರಹದ ಹಳೇ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ, ತಾತನ ಕಾಲದ ಕ್ರಯಪತ್ರ ಇದ್ರೆ ಅದು, ಎಲ್ಲ ತೆಗೆಸಿ. ಲಾಯರ್ ಹತ್ರ ಹೋಗೋಕೆ ಮುಂಚೇನೇ ತೆಗೆಸಿದ್ರೆ ಅರ್ಧ ಫೀಸು ಉಳೀತು ಅನ್ಕೊಳ್ಳಿ.

ಅಪ್ಪ ಕೊಂಡ ಒಂದೂವರೆ ಎಕರೆ ಅವರಿಷ್ಟ, ಯಾರಿಗೆ ಬೇಕಾದ್ರೂ ಬರೀಬಹುದಿತ್ತು. ಆದ್ರೆ ಬರೆದಿದ್ದಾರೆ ಅಂತ ಸಾಬೀತು ಮಾಡಬೇಕಾದ್ದು ನಿಮ್ಮಣ್ಣ, ಬರೆದಿಲ್ಲ ಅಂತ ನೀವಲ್ಲ. ಇದನ್ನ ಜನ ಯಾವಾಗ್ಲೂ ಉಲ್ಟಾ ತಿಳ್ಕೊಂಡಿರ್ತಾರೆ. ವಿಲ್ ಕೂತ್ಕೋಬೇಕು ಅಂದ್ರೆ ಕನಿಷ್ಠ ಇಬ್ರು ಸಾಕ್ಷಿ ಬೇಕು, ಅಪ್ಪ ಗುರುತು ಒತ್ತಿದ್ದನ್ನ ಅವರು ಕಣ್ಣಾರೆ ನೋಡಿರಬೇಕು, ಇಲ್ಲ ಅಪ್ಪನೇ ಅವರಿಗೆ "ಇದು ನಂದೇ" ಅಂದಿರಬೇಕು, ಮತ್ತೆ ಅವರು ಅಪ್ಪನ ಎದುರಲ್ಲೇ ಸಹಿ ಹಾಕಿರಬೇಕು. ಕೋರ್ಟಲ್ಲಿ ಅವರಲ್ಲಿ ಒಬ್ರಾದ್ರೂ ಕಟಕಟೆ ಹತ್ತಿ ಇದನ್ನ ಹೇಳಬೇಕು. ಹತ್ತಿದ್ಮೇಲೆ ನಿಮ್ಮ ಲಾಯರ್ ಕೇಳೋದು ಸಣ್ಣ ಸಣ್ಣ ಪ್ರಶ್ನೆ, ಯಾರು ಫೋನ್ ಮಾಡಿ ಕರೆದ್ರು, ಎಲ್ಲಿ ಕೂತಿದ್ರಿ, ಟೈಪ್ ಮಾಡಿಸಿಕೊಂಡು ಬಂದಿದ್ದು ಯಾರು, ಅಪ್ಪನಿಗೆ ಓದಿ ಹೇಳಿದ್ಯಾರು. ಸುಳ್ಳು ಸಾಕ್ಷಿ ಸಾಮಾನ್ಯವಾಗಿ ಎಡವೋದು ಇಲ್ಲೇ.

ರಿಜಿಸ್ಟರ್ ಆಗಿಲ್ಲ ಅನ್ನೋದೊಂದೇ ಹಿಡ್ಕೊಂಡು ಹೋಗ್ಬೇಡಿ, ವಿಲ್‌ಗೆ ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ, ಸ್ಟಾಂಪ್ ಪೇಪರೂ ಬೇಕಾಗಿಲ್ಲ, ಬಿಳಿ ಹಾಳೆ ಸಾಕು. ಆದ್ರೆ ನಿಮ್ಮಣ್ಣ ಸ್ಟಾಂಪ್ ಪೇಪರ್ ತಂದಿದ್ದು ನಿಮಗೇ ಅನುಕೂಲ ಆಗಬಹುದು ನೋಡಿ! ಇ-ಸ್ಟಾಂಪ್ ಮೇಲೆ ಅದು ಯಾವತ್ತು ಎಷ್ಟು ಗಂಟೆಗೆ ಕೊಟ್ಟಿದ್ದು ಅಂತ ಪ್ರಿಂಟ್ ಆಗಿರುತ್ತೆ, ನಂಬರ್ ಹಾಕಿ ಚೆಕ್ ಮಾಡ್ಬಹುದು. ವಿಲ್ ತಾರೀಖು 2019, ಪೇಪರ್ ಕೊಂಡಿದ್ದು 2022 ಅಂತ ಬಂದ್ರೆ ಅಲ್ಲಿಗೆ ಕಥೆ ಮುಗೀತು. ಮೊದಲು ಆ ಪೇಪರಿನ ಎರಡೂ ಕಡೆ ಫೋಟೋ ತಗೊಳ್ಳಿ.

ಹೆಬ್ಬೆಟ್ಟೂ ಅಷ್ಟೇ. ಹೆಬ್ಬೆಟ್ಟು ಒತ್ತಿದ ಮಾತ್ರಕ್ಕೆ ವಿಲ್ ಬಿದ್ದು ಹೋಗಲ್ಲ, ಆದ್ರೆ ಕೈ ಚೆನ್ನಾಗಿದ್ದ ಕಾಲದಲ್ಲಿ ಸಹಿ ಬರೋ ಮನುಷ್ಯ ಯಾಕೆ ಒತ್ತಿದ್ರು ಅನ್ನೋದಕ್ಕೆ ಅಣ್ಣ ಉತ್ತರ ಕೊಡ್ಬೇಕು. ಸ್ಟ್ರೋಕ್ ಆದ್ಮೇಲೆ ಒತ್ತಿಸಿಕೊಂಡು ಹಳೇ ತಾರೀಖು ಹಾಕಿದಾರಾ ಅನ್ನೋ ಅನುಮಾನ ನನಗಂತೂ ಬಂತು, ಜಡ್ಜಿಗೂ ಬರಬಹುದು. 2019ರಲ್ಲಿ ಅಪ್ಪ ಬ್ಯಾಂಕಲ್ಲೋ ಸೊಸೈಟಿ ಸಾಲದ ಅರ್ಜೀಲೋ ಸಹಿ ಹಾಕಿರೋದನ್ನ ಹುಡುಕಿ, ಆಸ್ಪತ್ರೆ ಡಿಸ್ಚಾರ್ಜ್ ಸಮ್ಮರೀನೂ ಜೋಪಾನ.

ಇಂಥದ್ದಕ್ಕೆಲ್ಲ ಕೋರ್ಟು "ಸಂಶಯಾಸ್ಪದ ಸನ್ನಿವೇಶ" ಅನ್ನುತ್ತೆ. ವೆಂಕಟಾಚಲ ಅಯ್ಯಂಗಾರ್ ವರ್ಸಸ್ ತಿಮ್ಮಜಮ್ಮ ಅಂತ ನಮ್ಮ ಮೈಸೂರು ಹೈಕೋರ್ಟಿಂದ್ಲೇ ಸುಪ್ರೀಂ ಕೋರ್ಟಿಗೆ ಹೋದ ಕೇಸು, ತೀರ್ಪು ಬಂದಿದ್ದು 1958ರಲ್ಲಿ, ಇವತ್ತಿಗೂ ವಿಲ್ ಕೇಸಲ್ಲಿ ಲಾಯರುಗಳು ಮೊದಲು ಹೇಳೋ ಹೆಸರು ಅದು. ವಿಲ್ ಬರೆಸೋದ್ರಲ್ಲಿ ಮುಂದೆ ನಿಂತವನೇ ಆಸ್ತಿ ಹೊಡ್ಕೊಂಡಿದ್ರೆ ಅದೇ ಒಂದು ಸಂಶಯ, ಅದನ್ನ ತೊಳ್ಕೊಳ್ಳೋ ಜವಾಬ್ದಾರಿ ವಿಲ್ ತಂದವನದ್ದು ಅಂತ ಅದ್ರಲ್ಲಿದೆ. ಕಟ್ಕೊಂಡ ಹೆಂಡತಿಗೆ ಒಂದು ಗುಂಟೆನೂ ಇಲ್ಲ, ಯಾಕಿಲ್ಲ ಅಂತ ಒಂದು ಸಾಲೂ ಇಲ್ಲ ಅನ್ನೋದೂ ಅದೇ ಲೆಕ್ಕಕ್ಕೆ ಸೇರುತ್ತೆ. ವಿಲ್ ಬಿದ್ರೆ ಅಪ್ಪ ಕೊಂಡ ಅರವತ್ತು ಗುಂಟೆ ಅಮ್ಮ ಮತ್ತೆ ನೀವು ಮೂರು ಮಕ್ಕಳಿಗೆ ಸಮ, ತಲಾ 15 ಗುಂಟೆ.

ಈಗ ಮಾಡ್ಬೇಕಾದ್ದು, ಪೌತಿ ಖಾತೆಗೆ ತಕರಾರು ಇದೆ ಅಂತ ತಹಶೀಲ್ದಾರ್‌ಗೆ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಖಾತೆ ಅಣ್ಣನ ಹೆಸರಿಗೆ ಆಗ್ಬಿಟ್ರೂ ಎದೆ ಒಡ್ಕೋಬೇಡಿ, ಖಾತೆಯಿಂದ ಮಾಲೀಕತ್ವ ಬರಲ್ಲ. ಆಮೇಲೆ ಸಿವಿಲ್ ಕೋರ್ಟಲ್ಲಿ ಪಾಲು ದಾವೆ, ಜೊತೆಗೇ ಮಾರಬಾರದು ಅಂತ ತಡೆಯಾಜ್ಞೆಗೆ ಅರ್ಜಿ. ಜಂಟಿ ಸ್ವಾಧೀನದಲ್ಲಿ ಇದ್ದೀವಿ ಅಂತ ಹಾಕೋ ದಾವೆಗೆ ನಮ್ಮಲ್ಲಿ ಕೋರ್ಟ್ ಫೀ 200 ರೂಪಾಯಿ ಅಷ್ಟೇ, ಲಕ್ಷ ಲಕ್ಷ ಕಟ್ಬೇಕು ಅಂತ ಹೆದರಿಸಿದ್ರೆ ನಂಬ್ಬೇಡಿ (ನಿಮ್ಮನ್ನ ಪೂರ್ತಿ ಹೊರಗಿಟ್ಟಿದ್ರೆ ಮಾತ್ರ ಪಾಲಿನ ಬೆಲೆ ಮೇಲೆ ಫೀ ಬರುತ್ತೆ). ಲಾಯರ್‌ಗೆ ದುಡ್ಡಿಲ್ಲ ಅಂದ್ರೆ ತಾಲ್ಲೂಕು ಕೋರ್ಟ್ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇದೆ, ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇದ್ರೂ ಉಚಿತ ವಕೀಲರನ್ನ ಕೊಡ್ತಾರೆ, 15100ಕ್ಕೆ ಫೋನ್ ಮಾಡಿದ್ರೂ ದಾರಿ ಹೇಳ್ತಾರೆ. ಫೋರ್ಜರಿ ಅಂತ ಸೀದಾ ಸ್ಟೇಷನ್‌ಗೆ ಓಡ್ಬೇಡಿ, "ಸಿವಿಲ್ ಮ್ಯಾಟ್ರು, ಕೋರ್ಟಿಗೆ ಹೋಗಿ" ಅಂತ ಕಳಿಸ್ತಾರೆ, ಅಣ್ಣನೂ ಹುಷಾರಾಗ್ತಾನೆ.

ಇನ್ನೊಂದು, ಅಮ್ಮನ್ನ ಕೇಳಿದ್ರಾ? ಪತ್ರದಲ್ಲಿ ಅಮ್ಮ ಏನಂದ್ರು ಅಂತ್ಲೇ ಇಲ್ಲ. 2019ರಲ್ಲಿ ಆ ಮನೇಲಿ ಯಾರು ಬಂದ್ರು, ಯಾರು ಹೋದ್ರು ಅಂತ ಗೊತ್ತಿರೋದು ಅವರಿಗೆ.

ಪ್ರಶ್ನೆ: ಅಮ್ಮನ್ನ ಒಂಬತ್ತು ವರ್ಷ ನಾನು, ನನ್ನ ಹೆಂಡ್ತಿ ನೋಡ್ಕೊಂಡ್ವಿ. ಅಮ್ಮ ತನ್ನ ಹೆಸರಲ್ಲಿದ್ದ ಮೈಸೂರಿನ ಮನೆ ನನಗೆ ವಿಲ್ ಬರೆದು ರಿಜಿಸ್ಟರೂ ಮಾಡ್ಸಿದ್ರು. ಈಗ ತಂಗಿಯರು ಹೆಣ್ಮಕ್ಕಳಿಗೆ ಸಮಪಾಲು ಕಾನೂನು ಇದೆ ಅಂತಿದಾರೆ. ಸಾಕ್ಷಿಗಳಲ್ಲಿ ಒಬ್ರು ತೀರ್ಕೊಂಡಿದಾರೆ, ಇನ್ನೊಬ್ರು ನಮ್ಮ ಮೇಷ್ಟ್ರು, 78 ವರ್ಷ. ಪ್ರೊಬೇಟ್ (ವಿಲ್ ಅಸಲಿ ಅಂತ ಕೋರ್ಟ್ ಕೊಡೋ ಪ್ರಮಾಣ) ಮಾಡಿಸ್ಬೇಕಾ?

ಉತ್ತರ: ಅಮ್ಮನ ಸ್ವಂತ ಮನೆ ಸಾರ್, ಯಾರಿಗೆ ಬೇಕಾದ್ರೂ ಬರೀಬಹುದು, ಸಮಪಾಲು ಅನ್ನೋದು ವಿಲ್ ಇಲ್ದೇ ಇದ್ದಾಗ. ಮೈಸೂರಿನ ಮನೆಗೆ ಪ್ರೊಬೇಟ್ ಕಡ್ಡಾಯ ಅಲ್ಲ, ಅದು ಮುಂಬೈ, ಚೆನ್ನೈ, ಕೋಲ್ಕತ್ತಾದ ಕಥೆ ಆಗಿತ್ತು, 2025ರ ತಿದ್ದುಪಡೀಲಿ ಅಲ್ಲೂ ಆ ಕಡ್ಡಾಯ ತೆಗೆದ್ರು, ಸಿನಿಮಾ ನೋಡಿ ನೋಡಿ ಎಲ್ಲರೂ ಕೇಳ್ತಾರೆ. ಆದ್ರೆ ರಿಜಿಸ್ಟರ್ ಆಗಿದೆ ಅಂತ ಕಾಲು ಮೇಲೆ ಕಾಲು ಹಾಕ್ಕೊಂಡು ಕೂತ್ಕೋಬೇಡಿ, ಕೇಸು ಬಿದ್ರೆ ಅದನ್ನೂ ಸಾಕ್ಷಿ ಕರೆಸಿಯೇ ಸಾಬೀತು ಮಾಡ್ಬೇಕು. ಬದುಕಿರೋ ಒಬ್ಬ ಸಾಕ್ಷಿ ಸಾಕು, ಅಂದ್ರೆ ನಿಮ್ಮ ಆಸ್ತಿ ಈಗ ಮೇಷ್ಟ್ರ ನೆನಪಿನ ಮೇಲೆ ನಿಂತಿದೆ. ದಾವೆ ಬಂದ ಕೂಡ್ಲೇ ಅವರ ವಯಸ್ಸಿನ ಕಾರಣ ಕೊಟ್ಟು ಹೇಳಿಕೆ ಬೇಗ ದಾಖಲಿಸಿ ಅಂತ ಅರ್ಜಿ ಹಾಕಿಸಿ. ಇಬ್ರೂ ಹೋಗ್ಬಿಟ್ರೆ ಬಾಗಿಲು ಮುಚ್ಚಲ್ಲ, ಸಾಕ್ಷಿಗಳಲ್ಲಿ ಒಬ್ಬರದ್ದಾದ್ರೂ ಸಹಿ, ಅಮ್ಮನ ಸಹಿ ಅವರವರದ್ದೇ ಅಂತ ಗುರುತಿಸೋರನ್ನ ತಂದು ಸಾಬೀತು ಮಾಡ್ಬಹುದು, ಸ್ವಲ್ಪ ಕಷ್ಟ ಅಷ್ಟೇ. ತಂಗಿಯರ ಜೊತೆ ಮಾತಾಡಿ ಏನೋ ಒಂದಿಷ್ಟು ಕೊಟ್ಟು ಮುಗಿಸೋ ಮನಸ್ಸಿದ್ರೆ ಲೋಕ ಅದಾಲತಲ್ಲಿ ರಾಜಿ ಬರೆಸಿ, ಅದು ಡಿಕ್ರಿಗೆ ಸಮ, ಅಪೀಲು ಇರಲ್ಲ.

ಪ್ರಶ್ನೆ: ತೀರ್ಕೊಂಡ ನಮ್ಮ ಯಜಮಾನ್ರ ಬ್ಯಾಂಕ್ ಎಫ್‌ಡಿಗೆ ಮೈದುನನ ಹೆಸರು ನಾಮಿನಿ. ಮದುವೆಗೆ ಮುಂಚೆ ಹಾಕಿದ್ದಂತೆ. ದುಡ್ಡು ಅವನದ್ದೇ ಆಗುತ್ತಾ? ವಿಲ್ ಇಲ್ಲ.

ಉತ್ತರ: ಆಗಲ್ಲ. ನಾಮಿನಿ ಅಂದ್ರೆ ಬ್ಯಾಂಕಿಂದ ದುಡ್ಡು ಕೈಗೆ ತಗೊಳ್ಳೋನು, ವಾರಸುದಾರ ಅಲ್ಲ. ಎಲ್‌ಐಸಿ ಪಾಲಿಸಿ ವಿಷಯದಲ್ಲಿ 1984ರಲ್ಲೇ, ಷೇರುಗಳ ವಿಷಯದಲ್ಲಿ 2023ರಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತು ಹೇಳಿದೆ. ದುಡ್ಡು ನಿಮಗೆ, ಮಕ್ಕಳಿಗೆ, ಅತ್ತೆ ಇದ್ರೆ ಅವರಿಗೆ ಸಮವಾಗಿ ಬರ್ಬೇಕು. ಬ್ಯಾಂಕು ನಾಮಿನಿಗೆ ಕೊಟ್ರೆ ಬ್ಯಾಂಕಿನ ತಪ್ಪಿಲ್ಲ, ಅದಕ್ಕೆ ಇವತ್ತೇ ಒಂದು ಲೀಗಲ್ ನೋಟಿಸು ಮೈದುನನಿಗೂ ಒಂದು ಬ್ಯಾಂಕಿಗೂ ಕಳಿಸಿ, ಅವನು ಡ್ರಾ ಮಾಡೋ ಮುಂಚೆ ಕೋರ್ಟಿಂದ ತಡೆ ತರೋಕೆ ಆಗುತ್ತಾ ನೋಡಿ.