ಅದು ಅಮ್ಮ ಮೀನಲ್ಲ

ನಮಸ್ಕಾರ,

ಅಮೆರಿಕದ ಇಲಿನಾಯ್ಸ್‌ನಿಂದ ನೀವು ಕಳಿಸಿದ, ಬ್ಲೂಗಿಲ್ ಎಂಬ ಸಿಹಿನೀರಿನ ಮೀನಿನ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ನಿಜವಾದ ಬರಹ ನಿಮ್ಮ ಐದನೇ ಪುಟದಲ್ಲಿದೆ.

ಜೂನ್ ತಿಂಗಳ ಬೆಳಿಗ್ಗೆ ಮಗಳ ಜೊತೆ ಕೆರೆ ದಡಕ್ಕೆ ಹೋಗಿದ್ದಿರಿ. ಮೊಣಕಾಲುದ್ದ ನೀರಿನ ತಳದಲ್ಲಿ ಊಟದ ತಟ್ಟೆಯಂಥ ಗುಂಡನೆಯ ಗುಳಿಗಳು ಒತ್ತೊತ್ತಾಗಿ ಕಂಡವು. ಒಂದೊಂದರ ಮೇಲೂ ಒಂದು ಮೀನು. "ಅಮ್ಮ ಮೀನು ಕಾವಲು ಕಾಯ್ತಿದೆ" ಅಂದಳು ಮಗಳು. ನೀವೂ ಅದನ್ನೇ ನಂಬಿ ಬರೆದಿದ್ದೀರಿ. ಅದು ಅಪ್ಪ ಮೀನು!

ಬಾಲ ಬೀಸಿ ಮರಳು ಸರಿಸಿ ಗುಳಿ ಮಾಡುವುದು ಗಂಡು. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಆಮೇಲೆ ಈಜುರೆಕ್ಕೆ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುವುದು, ತಿನ್ನಲು ಬಂದವರನ್ನು ಓಡಿಸುವುದು, ಮರಿಗಳು ಈಜಿಹೋಗುವವರೆಗೆ ಕಾಯುವುದು ಎಲ್ಲಾ ಗಂಡೇ. ಮಗಳ ಮಾತನ್ನು ಮಾತ್ರ ತಿದ್ದಬೇಡಿ. ಅಲ್ಲಿಂದಲೇ ಲೇಖನ ಶುರುಮಾಡಿ, ನಿಜವನ್ನು ಆಮೇಲೆ ಹೇಳಿ. ಓದುವವರೂ ಅವಳ ಜೊತೆಗೇ ತಿಳಿದುಕೊಳ್ಳಲಿ.

"ಕಳ್ಳ ಗಂಡುಗಳೂ ಇವೆ" ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಲ್ಲ, ಅಲ್ಲಿ ನನಗೆ ಬೇಜಾರಾಯಿತು. ಕೆನಡಾದ ಒಪಿನಿಕನ್ ಕೆರೆಯಲ್ಲಿ ಮಾರ್ಟ್ ಗ್ರಾಸ್ ಎಂಬ ವಿಜ್ಞಾನಿ ಇವುಗಳನ್ನು ಅಧ್ಯಯನ ಮಾಡಿದ್ದಾರೆ. ಅಲ್ಲಿ ಗುಳಿ ಮಾಡುವ ಗಂಡು ಪ್ರಾಯಕ್ಕೆ ಬರಲು ಸುಮಾರು 7 ವರ್ಷ ಬೇಕು. ಕಳ್ಳ ಗಂಡಿಗೆ 2 ವರ್ಷ ಸಾಕು. ಅದು ಗಿಡಗಳ ಮರೆಯಲ್ಲಿ ಕಾದಿದ್ದು, ಹೆಣ್ಣು ಮೊಟ್ಟೆಯಿಡುವ ಹೊತ್ತಿಗೆ ನುಗ್ಗಿ, ವೀರ್ಯ ಬಿಟ್ಟು ಓಡುತ್ತದೆ. ಇನ್ನಷ್ಟು ಬೆಳೆದ ಮೇಲೆ ಹೆಣ್ಣಿನ ಬಣ್ಣ, ಹೆಣ್ಣಿನ ನಡೆ ತೋರಿಸಿ ಗುಳಿಯೊಳಕ್ಕೇ ಬರುತ್ತದೆ. ಪಾಪ, ಕಾವಲಿನ ಗಂಡು ಬೇರೆಯವರ ಮರಿಗಳನ್ನೂ ಸಾಕುತ್ತದೆ. ಇದಕ್ಕೆ ಒಂದಿಡೀ ಪುಟ ಕೊಡಿ.

ಜಾಗ ಎಲ್ಲಿದೆ ಅಂತೀರಾ? ಮೊದಲ ಎರಡು ಪುಟ ತೆಗೆಯಿರಿ. ಮುಳ್ಳುಗಳ ಲೆಕ್ಕ, ರಾಜ್ಯಗಳ ಪಟ್ಟಿ ಬೇಡ. ಕಿವಿರಿನ ತುದಿಯ ಕಪ್ಪು ಮಚ್ಚೆ ಉಳಿಯಲಿ, ಗುರುತು ಹಿಡಿಯಲು ಅದು ಬೇಕು. 'ಸೂರ್ಯಮೀನು' ಅನ್ನಬೇಡಿ, ಸಮುದ್ರದ ದೊಡ್ಡ ಸನ್‌ಫಿಶ್ ಜೊತೆ ಗೊಂದಲವಾಗುತ್ತದೆ. ಬ್ಲೂಗಿಲ್ ಅಂದರೆ ಸಾಕು.

1960ರಲ್ಲಿ ಯುವರಾಜ ಅಕಿಹಿತೊ ಈ ಮೀನನ್ನು ಷಿಕಾಗೋದಿಂದ ಜಪಾನಿಗೆ ಒಯ್ದದ್ದು, ಅದು ಅಲ್ಲಿನ ಕೆರೆಗಳಲ್ಲಿ ಹಬ್ಬಿ ಸ್ಥಳೀಯ ಮೀನುಗಳಿಗೆ ಕುತ್ತಾದದ್ದು, 2007ರಲ್ಲಿ ಚಕ್ರವರ್ತಿಯಾಗಿ ಅವರೇ ನೋವು ತೋಡಿಕೊಂಡದ್ದು ಇವೆಲ್ಲ ಚೆನ್ನಾಗಿದೆ. ಆದರೆ ಅದು ಬೇರೆಯೇ ಲೇಖನ. ಸುಮ್ನೆ ಇಲ್ಲಿ ತುರುಕಬೇಡಿ.

ಬೇಸಿಗೆ ಮುಗಿಯುವ ಮೊದಲು ಇನ್ನೊಮ್ಮೆ ದಡಕ್ಕೆ ಹೋಗಿ. ಗುಂಪಿನ ಅಂಚಿನ ಗುಳಿಗಳಿಗೆ ಶತ್ರುಗಳ ಕಾಟ ಜಾಸ್ತಿ. ಅಂಚಿನ ಗಂಡು ಎಷ್ಟು ಸಲ ಓಡಿಸಲು ಹೋಗುತ್ತದೆ, ನಡುವಿನದು ಎಷ್ಟು ಸಲ, ಮಗಳಿಗೆ ಎಣಿಸಲು ಹೇಳಿ. ಅವಳ ಲೆಕ್ಕವನ್ನೂ ಸೇರಿಸಿ ಕಳಿಸಿ.