ಸೆಕೆಂಡ್ ಹ್ಯಾಂಡ್ ಪಿಕಪ್ ತಂದಿದ್ದೇನೆ, ಮೊದಲು ಏನು ಮಾಡಲಿ?

ಪ್ರಶ್ನೆ: ಕಾಕಾ, ನಮಸ್ಕಾರ. ನನಗೆ 26 ವರ್ಷ. ನಮ್ಮದು ತಿಕೋಟಾ ಹತ್ತಿರದ ಹಳ್ಳಿ, ಐದು ಎಕರೆ ದ್ರಾಕ್ಷಿ ಇದೆ. ಗೊಬ್ಬರ, ಔಷಧ, ಒಣದ್ರಾಕ್ಷಿ ಪೆಟ್ಟಿಗೆ ಸಾಗಿಸಲು ಬಾಡಿಗೆ ಕೊಟ್ಟು ಸಾಕಾಯಿತು. ಹೋದ ತಿಂಗಳು 2016ರ ಡೀಸೆಲ್ ಪಿಕಪ್ ತಗೊಂಡೆ. 1,40,000 ಕಿ.ಮೀ. ಓಡಿದೆ. ಮಾರಿದವರು ‘ಸರ್ವಿಸ್ ಎಲ್ಲ ಈಗಷ್ಟೇ ಆಗಿದೆ, ಸುಮ್ನೆ ಓಡಿಸಿ’ ಅಂದರು. ನಮ್ಮ ಟ್ರ್ಯಾಕ್ಟರ್ ಆಯಿಲ್ ನಾನೇ ಬದಲಿಸುತ್ತೇನೆ. ಇದರ ಕೆಲಸವನ್ನೂ ಆದಷ್ಟು ನಾನೇ ಮಾಡಿಕೊಳ್ಳಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ತಮ್ಮಾ, ಟ್ರ್ಯಾಕ್ಟರ್ ಆಯಿಲ್ ಬದಲಿಸಿದ ಕೈ ಅಂದರೆ ಅರ್ಧ ಕೆಲಸ ಬಂದ ಹಾಗೆಯೇ. ಮಾರಿದವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಆದರೆ ಯಾವ ಆಯಿಲ್ ಹಾಕಿದರು, ಎಷ್ಟು ಕಿಲೋಮೀಟರ್‌ಗೆ ಹಾಕಿದರು ಅನ್ನೋದಕ್ಕೆ ಚೀಟಿ ಕೊಟ್ಟಿದ್ದಾರಾ? ಇಲ್ಲ ಅಂದರೆ ಸರ್ವಿಸ್ ಆಗಿಲ್ಲ ಅಂತಲೇ ಹಿಡಿ. ನಿನ್ನ ಗಾಡಿಯ ಲೆಕ್ಕ ಅದು ನಿಮ್ಮ ಅಂಗಳಕ್ಕೆ ಬಂದ ದಿನದಿಂದ ಶುರುವಾಗಲಿ. ಒಂದು 40 ಪುಟದ ನೋಟ್‌ಬುಕ್ ತಗೊಂಡು ಡ್ಯಾಶ್‌ಬೋರ್ಡಿನಲ್ಲಿ ಇಡು. ತಾರೀಕು, ಮೀಟರ್, ಏನು ಹಾಕಿದೆ ಅಂತ ಬರೆಯುತ್ತಾ ಹೋಗು.

ಮೊದಲ ದಿನವೇ ಎಂಜಿನ್ ಆಯಿಲ್ ಮತ್ತು ಅದರ ಫಿಲ್ಟರ್ ಬದಲಿಸು. ಗಾಡಿಯನ್ನು ಹತ್ತು ನಿಮಿಷ ಓಡಿಸಿ ಬಂದು, ಸಮತಟ್ಟು ಜಾಗದಲ್ಲಿ ನಿಲ್ಲಿಸು. ಬೆಚ್ಚಗಿರುವ ಆಯಿಲ್ ಕೊಳೆಯನ್ನು ಹೊತ್ತುಕೊಂಡು ಇಳಿಯುತ್ತದೆ. ಇಳಿದದ್ದನ್ನು ಬಿಸಿಲಿಗೆ ಹಿಡಿದು ನೋಡು. ಕಪ್ಪಾಗಿದ್ದರೆ ಹೆದರಬೇಡ, ಡೀಸೆಲ್ ಎಂಜಿನ್ ಆಯಿಲ್ ಬೇಗ ಕಪ್ಪಾಗುತ್ತದೆ. ಲೋಹದ ಚೂರು ಮಿನುಗಿದರೆ ಅಥವಾ ಹಾಲು ಬೆರೆಸಿದ ಚಹಾದ ಬಣ್ಣ ಬಂದಿದ್ದರೆ ಮಾತ್ರ ಅಲ್ಲಿಗೇ ನಿಲ್ಲಿಸಿ ಮಿಸ್ತ್ರಿಯನ್ನು ಕರೆಸು. ಚಹಾದ ಬಣ್ಣ ಅಂದರೆ ಆಯಿಲ್‌ಗೆ ನೀರು ಸೇರಿದೆ ಅಂತ ಅರ್ಥ. ಹೊಸ ಫಿಲ್ಟರಿನ ರಬ್ಬರಿಗೆ ಬೆರಳಿನಿಂದ ಸ್ವಲ್ಪ ಆಯಿಲ್ ಸವರಿ ಕೈಯಿಂದಲೇ ಬಿಗಿ ಮಾಡು, ಪಾನಾ ಹಾಕಬೇಡ. ಡ್ರೈನ್ ಬೋಲ್ಟಿನ ವಾಷರ್ ಹೊಸದಿರಲಿ. ಆಯಿಲ್ ಯಾವುದು, ಎಷ್ಟು ಲೀಟರ್ ಅನ್ನೋದನ್ನು ಗಾಡಿಯ ಪುಸ್ತಕದಲ್ಲಿ ನೋಡು. ಪುಸ್ತಕ ಸಿಗದಿದ್ದರೆ ಅದೇ ಮಾಡೆಲ್ ಇರುವವರ ಹತ್ತಿರ ಕೇಳಿ ತಗೋ. ಈ ಸಲದ ಆಯಿಲ್ ಹಳೆ ಕೊಳೆಯನ್ನು ತೊಳೆಯುವ ಆಯಿಲ್. ಅದಕ್ಕೇ ನಾನು ಎರಡು ಮೂರು ಸಾವಿರ ಕಿಲೋಮೀಟರ್‌ಗೆ ಅದನ್ನೂ ತೆಗೆಸುತ್ತೇನೆ. ಆ ಖರ್ಚು ದಂಡ ಅಲ್ಲ. ಸುಟ್ಟ ಆಯಿಲ್ ಹಳ್ಳಕ್ಕೆ, ಹೊಲದ ಬದುವಿಗೆ ಸುರಿಯಬೇಡ. ಕ್ಯಾನಿನಲ್ಲಿ ತುಂಬಿಸಿಟ್ಟು ಹಳೆ ಆಯಿಲ್ ಕೊಳ್ಳುವವರಿಗೆ ಕೊಡು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ನಮ್ಮ ವಿಜಯಪುರದ ಕಡೆ ಗಾಡಿಯನ್ನು ತಿನ್ನುವುದು ಎರಡೇ: ಸವಳು ನೀರು ಮತ್ತು ಧೂಳು. ಎರಡನ್ನೂ ತಡೆಯುವುದು ನಿನ್ನ ಕೈಯಲ್ಲೇ ಇದೆ.

ನೀರಿನ ಪಾಠವನ್ನು ನಾನು ದುಡ್ಡು ಕೊಟ್ಟು ಕಲಿತೆ. 2009ರಲ್ಲಿ ನನ್ನದೂ ಹೀಗೇ ಕೈ ಬದಲಾದ ಪಿಕಪ್. ರೇಡಿಯೇಟರ್‌ನಲ್ಲಿ ನೀರು ಇಳಿದಾಗಲೆಲ್ಲ ಮನೆಯ ಬೋರಿನ ನೀರನ್ನೇ ಹಾಕುತ್ತಿದ್ದೆ. ಏಪ್ರಿಲ್ ತಿಂಗಳು, ಉಳ್ಳಾಗಡ್ಡಿ ಹೇರಿಕೊಂಡು ಬಾಗಲಕೋಟೆಗೆ ಹೊರಟಿದ್ದೆ. ಕೊಲ್ಹಾರದ ಸೇತುವೆ ಇನ್ನೂ ದಾಟಿಲ್ಲ, ಬಿಸಿಯ ಮುಳ್ಳು ಮೇಲಕ್ಕೆ ಏರಿತು. ಇನ್ನು ಸ್ವಲ್ಪ ಹೋಗೋಣ ಅಂತ ಓಡಿಸಿದೆ. ಹೆಡ್ ಗ್ಯಾಸ್ಕೆಟ್, ಅಂದರೆ ಎಂಜಿನ್ ತಲೆಯ ಕೆಳಗಿನ ಸೀಲ್, ಹೋಯಿತು. ರೇಡಿಯೇಟರ್ ಬಿಚ್ಚಿದಾಗ ಒಳಗಿನ ಸಣ್ಣ ನಳಿಕೆಗಳಲ್ಲಿ ಬಿಳಿ ಪದರ ಕಟ್ಟಿತ್ತು. ಬಚ್ಚಲ ಹಂಡೆಯ ತಳದಲ್ಲಿ ಕಟ್ಟುತ್ತದಲ್ಲ, ಅದೇ. ಹಂಡೆಯಲ್ಲಿ ದಿನಾ ನೋಡುತ್ತಿದ್ದ ಪದರ ಎಂಜಿನ್‌ನಲ್ಲೂ ಕಟ್ಟುತ್ತದೆ ಅಂತ ನನಗೆ ಹೊಳೆದಿರಲಿಲ್ಲ. ಒಂದು ವಾರ ಗಾಡಿ ನಿಂತಿತು, ಆ ಸುಗ್ಗಿಯ ದುಡಿಮೆಯೆಲ್ಲ ಗ್ಯಾರೇಜಿಗೆ ಹೋಯಿತು.

ಅದಕ್ಕೇ ಹೇಳುತ್ತೇನೆ, ಗಾಡಿ ಪೂರ್ತಿ ತಣ್ಣಗಿದ್ದಾಗ ರೇಡಿಯೇಟರ್ ಖಾಲಿ ಮಾಡು. ಬಿಸಿ ಇದ್ದಾಗ ಮುಚ್ಚಳ ಮುಟ್ಟಲೇಬೇಡ, ಕುದಿಯುವ ನೀರು ಮುಖಕ್ಕೇ ಹಾರುತ್ತದೆ. ಒಳ್ಳೆ ನೀರು ತುಂಬಿ, ಗಾಡಿ ಬೆಚ್ಚಗಾಗುವವರೆಗೆ ಚಾಲೂ ಇಟ್ಟು, ಆರಿಸಿ, ತಣಿದ ಮೇಲೆ ಮತ್ತೆ ತೆಗೆ. ತಿಳಿ ನೀರು ಬರುವವರೆಗೆ ಹೀಗೇ ಮಾಡು. ಆಮೇಲೆ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಹಾಕು. ನೀರು ಬೆರೆಸದ ಕೂಲಂಟ್ ಆದರೆ ಅದಕ್ಕೆ ಅಷ್ಟೇ ಅಳತೆಯ ಡಿಸ್ಟಿಲ್ಡ್ ವಾಟರ್, ಅಂದರೆ ಬ್ಯಾಟರಿಗೆ ಹಾಕುವ ನೀರು, ಬೆರೆಸು. ಬೆರೆಸಿಯೇ ಬಂದ ಡಬ್ಬಿಯಾದರೆ ನೀರು ಸೇರಿಸಬೇಡ. ತೆಗೆದ ಹಳೆ ಕೂಲಂಟನ್ನು ಬಕೆಟ್‌ನಲ್ಲಿ ಬಿಟ್ಟು ಒಳಗೆ ಹೋಗಬೇಡ, ತಮ್ಮಾ. ಅದು ಸಿಹಿಯಾಗಿರುತ್ತದೆ, ವಿಷ. ನಾಯಿಯೋ ಕರುವೋ ನೆಕ್ಕಿದರೆ ಜೀವ ಉಳಿಯುವುದು ಕಷ್ಟ.

ಇನ್ನು ಧೂಳು. ತೋಟದ ಕಚ್ಚಾ ದಾರಿಯಲ್ಲಿ ಬೇಸಿಗೆಯ ಎರೆ ಮಣ್ಣು ಹಿಟ್ಟಿನ ಹಾಗೆ ಏಳುತ್ತದೆ. ಆ ಹಿಟ್ಟು ಎಂಜಿನ್ ಒಳಗೆ ಹೋಗಿ ಆಯಿಲ್ ಜೊತೆ ಸೇರಿದರೆ ಮರಳು ಕಾಗದ ತಿಕ್ಕಿದ ಹಾಗೆ ರಿಂಗು, ಸಿಲಿಂಡರ್ ಸವೆಯುತ್ತವೆ. ಒಂದು ಸಲ ಸವೆದರೆ ಯಾವ ಆಯಿಲ್ ಹಾಕಿದರೂ ಅದು ವಾಪಸ್ ಬರುವುದಿಲ್ಲ. ಏರ್ ಫಿಲ್ಟರನ್ನು ಪುಸ್ತಕದಲ್ಲಿ ಬರೆದ ಕಿಲೋಮೀಟರ್‌ಗೆ ಬದಲಿಸುವುದು ಡಾಂಬರು ರಸ್ತೆಯವರಿಗೆ ಸರಿ. ನೀನು ಅದರ ಅರ್ಧಕ್ಕೇ ಬದಲಿಸು. ನಡುವೆ ಹವಾ ಹೊಡೆದು ಸ್ವಚ್ಛ ಮಾಡುವುದಾದರೆ ಒಳಗಿನಿಂದ ಹೊರಗೆ, ಮೆಲ್ಲಗೆ ಹೊಡಿ. ಹೊರಗಿನಿಂದ ಹೊಡೆದರೆ ಧೂಳು ಕಾಗದದೊಳಗೇ ನಾಟಿಕೊಳ್ಳುತ್ತದೆ. ಟೈರಿಗೆ ಬಡಿದು ಜಾಡಿಸುವವರನ್ನು ನೋಡಿದ್ದೇನೆ, ಹಾಗೆ ಮಾಡಿದರೆ ಕಾಗದ ಹರಿಯುತ್ತದೆ.

ಮಿಸ್ತ್ರಿಗಳೂ ಎಷ್ಟೋ ಸಲ ಮರೆಯುವ ಒಂದು ಪರೀಕ್ಷೆ ಇದೆ. ಫಿಲ್ಟರ್ ಆದ ಮೇಲೆ ಎಂಜಿನ್ ಕಡೆಗೆ ಹೋಗುವ ರಬ್ಬರ್ ಪೈಪನ್ನು ಬಿಚ್ಚಿ, ಒಳಗೆ ಬೆರಳು ಆಡಿಸಿ ನೋಡು. ಬೆರಳಿಗೆ ಧೂಳು ಹತ್ತಬಾರದು. ಹತ್ತಿದರೆ ಪೈಪು ಸೀಳಿದೆ ಅಥವಾ ಕ್ಲಿಪ್ ಸಡಿಲವಾಗಿದೆ. ಫಿಲ್ಟರ್ ಎಷ್ಟು ಹೊಸದಿದ್ದರೂ ಆಗ ಉಪಯೋಗವಿಲ್ಲ. ಇವತ್ತೇ ನೋಡು, ಐದು ನಿಮಿಷದ ಕೆಲಸ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಡೀಸೆಲ್ ಫಿಲ್ಟರ್ ಬದಲಿಸು, ಅದರ ಕೆಳಗಿನ ತಿರುಪು ಸಡಿಲಿಸಿ ಆಗಾಗ ನೀರು ಇಳಿಸು. ಗ್ರೀಸ್ ಗನ್ ಒಂದು ಸ್ವಂತದ್ದಿರಲಿ. ಹಿಂದಿನ ಚಕ್ರ ತಿರುಗಿಸುವ ಉದ್ದ ದಂಡದ (ಪ್ರೊಪೆಲ್ಲರ್ ಶಾಫ್ಟ್) ಕ್ರಾಸು, ಹಿಂದಿನ ಪಾಟಾದ (ಲೀಫ್ ಸ್ಪ್ರಿಂಗ್) ಪಿನ್ನು, ಹೀಗೆ ಗ್ರೀಸ್ ಹೊಡೆಯುವ ಮೂತಿ, ಅಂದರೆ ನಿಪ್ಪಲ್, ಇರುವ ಕಡೆಯೆಲ್ಲ ಹೊಡಿ. ಹೊಡೆಯುವ ಮೊದಲು ನಿಪ್ಪಲ್ ಒರೆಸು, ಇಲ್ಲದಿದ್ದರೆ ಗ್ರೀಸಿನ ಜೊತೆ ಮಣ್ಣೂ ಒಳಗೆ ಹೋಗುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂದರೆ 2019ರ 23ನೇ ವಾರದಲ್ಲಿ ಮಾಡಿದ್ದು. ಮೇಲಿನ ಗುಡ್ಡೆ (ಥ್ರೆಡ್) ಸವೆಯದೆ ಚೆನ್ನಾಗಿದ್ದರೂ ವಯಸ್ಸಾದ ಟೈರು ನಮ್ಮ ಬಿಸಿಲಿಗೆ ಒಡೆಯುತ್ತದೆ. ಹವಾ ನೋಡುವುದು ನಸುಕಿನಲ್ಲಿ, ಗಾಡಿ ಓಡುವ ಮೊದಲು. ಚಕ್ರ ಬಿಚ್ಚಿ ಹಾಕಿದರೆ ಐವತ್ತು ನೂರು ಕಿಲೋಮೀಟರ್ ಆದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿ ಮಾಡು.

ತೂಕದ ವಿಷಯದಲ್ಲಿ ಯಾರ ಮಾತೂ ಕೇಳಬೇಡ. ಆರ್‌ಸಿಯಲ್ಲಿ ಒಟ್ಟು ತೂಕ, ಖಾಲಿ ತೂಕ ಎರಡೂ ಇರುತ್ತವೆ. 2,900 ಮತ್ತು 1,650 ಅಂತ ಇದ್ದರೆ ನೀನು ಹೇರಬಹುದಾದ್ದು 1,250 ಕೆ.ಜಿ. ಡ್ರೈವರ್, ಹಮಾಲರು ಅದರಲ್ಲೇ ಬಂದರು.

ನೀನು ಕೈ ಹಾಕಬಾರದ ಕೆಲಸವೂ ಇದೆ. ಈ ಎಂಜಿನ್ನುಗಳಲ್ಲಿ ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ಪೈಪಿನಲ್ಲಿ ಒತ್ತಡ 1,000 ಬಾರ್ ದಾಟಬಹುದು. ಟ್ರ್ಯಾಕ್ಟರಿನಲ್ಲಿ ಪೈಪಿನ ಗಾಳಿ ಬಿಡಲು ಮಾಡುವ ಹಾಗೆ ಚಾಲೂ ಇದ್ದಾಗ ನಟ್ಟು ಸಡಿಲಿಸಿದರೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಬ್ರೇಕ್ ಆಯಿಲ್ ಮಟ್ಟ ನೋಡು, ಎರಡು ವರ್ಷಕ್ಕೊಮ್ಮೆ ಬದಲಿಸಿಕೋ, ಆದರೆ ಕೆಲಸ ಮಾತ್ರ ಬಲ್ಲವರಿಂದ ಮಾಡಿಸು. ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಎಂದೂ ಹೋಗಬೇಡ. ಸ್ಟ್ಯಾಂಡ್ ಇಡು, ಚಕ್ರಕ್ಕೆ ಅಡ್ಡ ಕಲ್ಲು ಕೊಡು, ಮನೆಯವರು ಯಾರಾದರೂ ಹತ್ತಿರ ಇರಲಿ. ಇಟ್ಟಿಗೆ ಇಡಬೇಡ, ಒಡೆಯುತ್ತದೆ.

ಪ್ರಶ್ನೆ: ಅಣ್ಣಾವರೇ, ನಮ್ಮದು ಮಹಾಲಿಂಗಪುರ. ಮನೆಯವರು ಬೆಲ್ಲದ ಬಾಡಿಗೆಗೆ ಹಳೆ ಪಿಕಪ್ ತಂದಿದ್ದಾರೆ. ಏರು ಬಂದಾಗ ಹೊಗೆ ಜಾಸ್ತಿ. ಒಬ್ಬರು ಎಂಜಿನ್ ಬಿಚ್ಚಬೇಕು ಅನ್ನುತ್ತಾರೆ, ಇನ್ನೊಬ್ಬರು ಏನೂ ಆಗಿಲ್ಲ ಅನ್ನುತ್ತಾರೆ. ಯಾರನ್ನು ನಂಬುವುದು?

ಉತ್ತರ: ಅಕ್ಕಾ, ಮೊದಲು ಹೊಗೆಯ ಬಣ್ಣ ನೋಡಿ. ನೀವೇ ಹಿಂದೆ ನಿಂತು ನೋಡಬಹುದು. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ಬದಲಿಸಿ ನೋಡಿ. ಕೆಲವು ಗಾಡಿ ಅಷ್ಟಕ್ಕೇ ಸರಿಯಾಗುತ್ತವೆ. ಆಗದಿದ್ದರೆ ಇಂಜೆಕ್ಟರ್, ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊದ ಪೈಪು ತೋರಿಸಿ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಆಗ ಡಿಪ್‌ಸ್ಟಿಕ್, ಅಂದರೆ ಆಯಿಲ್ ಮಟ್ಟ ಅಳೆಯುವ ಕಡ್ಡಿ, ನೋಡಿ ಬರೆದಿಟ್ಟು, 500 ಕಿಲೋಮೀಟರ್ ಆದ ಮೇಲೆ ಮತ್ತೆ ನೋಡಿ. ಎಷ್ಟು ಇಳಿಯಿತು ಅನ್ನೋ ಲೆಕ್ಕ ನಿಮ್ಮ ಕೈಯಲ್ಲಿದ್ದರೆ ಯಾವ ಗ್ಯಾರೇಜಿನಲ್ಲೂ ಧೈರ್ಯವಾಗಿ ಮಾತಾಡಬಹುದು. ಬೆಳಗಿನ ಚಳಿಯಲ್ಲಿ ಸ್ವಲ್ಪ ಬಿಳಿ ಹೊಗೆ ಬಂದು ನಿಂತರೆ ಚಿಂತೆ ಬೇಡ. ಗಾಡಿ ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಿದ್ದು, ಕೂಲಂಟೂ ಇಳಿಯುತ್ತಿದ್ದರೆ ಮಾತ್ರ ಒಂದು ದಿನವೂ ತಡ ಮಾಡದೆ ತೋರಿಸಿ. ಬಣ್ಣ ಕೇಳದೆ, ಆಯಿಲ್ ಮುಚ್ಚಳ ತೆಗೆದು ನೋಡದೆ ಎಂಜಿನ್ ಬಿಚ್ಚಿ ಅನ್ನುವವರಿಗೆ ಗಾಡಿ ಕೊಡಬೇಡಿ.

ಪ್ರಶ್ನೆ: ಗೋಕಾಕದಲ್ಲಿ ಪಿಕಪ್ ತಗೊಂಡು ಮೂರು ವಾರ ಆಯಿತು. ಆರ್‌ಸಿ ಇನ್ನೂ ಹಳೆ ಮಾಲೀಕರ ಹೆಸರಲ್ಲಿದೆ. ನಿಧಾನವಾಗಿ ಮಾಡಿಸಿದರೆ ಆಗುತ್ತದಲ್ವಾ?

ಉತ್ತರ: ಆಗುವುದಿಲ್ಲ. ಇದೇ ವಾರ ಮಾಡಿಸಿ. ಮಾರಾಟ ತಿಳಿಸುವ ಫಾರ್ಮ್ 29, ಹೆಸರು ವರ್ಗಾವಣೆ ಕೇಳುವ ಫಾರ್ಮ್ 30 ಬೇಕು. ಹಳೆ ಸಾಲ ಇದ್ದರೆ ಅದರ ನಮೂದು ತೆಗೆಸುವ ಫಾರ್ಮ್ 35 ಮತ್ತು ಸಾಲ ತೀರಿದ ಪತ್ರ ಬೇಕು. ವಿಮೆಯನ್ನು ನಿಮ್ಮ ಹೆಸರಿಗೆ ಮಾಡಿಸಲು ಕಾಯ್ದೆಯಲ್ಲಿ 14 ದಿನ ಕೊಟ್ಟಿದ್ದಾರೆ. ಆ ದಿನಗಳು ಮುಗಿದಿವೆ, ಮೊದಲು ಆ ಅರ್ಜಿ ಕೊಡಿ. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷ ದಾಟಿದ್ದರೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಪ್ರಮಾಣಪತ್ರ) ಪ್ರತಿ ವರ್ಷ ಮಾಡಿಸಬೇಕು. ನಿಮ್ಮ ಗಾಡಿಯದು ಯಾವ ತಾರೀಕಿಗೆ ಮುಗಿಯುತ್ತದೆ ಅಂತ ಈಗಲೇ ತೆಗೆದು ನೋಡಿ.