ಬ್ಯಾಂಕಾಕ್‌ನಲ್ಲಿ ಕಾರ್ಡ್ ಮಷಿನ್ 'ರೂಪಾಯಿಯೋ, ಬಾತೋ' ಎಂದು ಕೇಳಿದರೆ ಯಾವುದನ್ನು ಒತ್ತಬೇಕು?

ಬಾತ್ ಒತ್ತಿ. ಯಾವ ದೇಶಕ್ಕೆ ಹೋದರೂ ಅಲ್ಲಿಯ ಹಣವನ್ನೇ ಆರಿಸಿ.

ರೂಪಾಯಿ ಒತ್ತಿದರೆ ವಿನಿಮಯ ದರ ಹಾಕುವುದು ಬೆಳಗಾವಿಯ ನಿಮ್ಮ ಬ್ಯಾಂಕಲ್ಲ, ಅಲ್ಲಿಯ ಮಷಿನ್ ನಡೆಸುವ ಕಂಪನಿ. ಅದರ ಲಾಭ ಆ ದರದಲ್ಲೇ ಸೇರಿರುತ್ತದೆ. ಪೇಟೆ ದರದಲ್ಲಿ 10,000 ರೂಪಾಯಿ ಆಗುವ ಬಿಲ್ಲು ಎಂದಿಟ್ಟುಕೊಳ್ಳಿ. ಬಾತ್ ಆರಿಸಿದರೆ ನಿಮ್ಮ ಬ್ಯಾಂಕ್ ಶೇ. 3.5 ಶುಲ್ಕ, ಅದರ ಮೇಲೆ ಶೇ. 18 ಜಿಎಸ್‌ಟಿ ಹಿಡಿದರೂ 10,413ಕ್ಕೆ ಮುಗಿಯುತ್ತದೆ. ರೂಪಾಯಿ ಆರಿಸಿ, ಆ ಕಂಪನಿ ಶೇ. 6 ಏರಿಸಿದ್ದರೆ 10,600. ಇಷ್ಟಕ್ಕೇ ನಿಲ್ಲುವುದಿಲ್ಲ: ವಿದೇಶದಲ್ಲಿ ರೂಪಾಯಿಯಲ್ಲಿ ಕೊಟ್ಟದ್ದಕ್ಕೂ ನಮ್ಮ ಹಲವು ಬ್ಯಾಂಕುಗಳು ಬೇರೆ ಶುಲ್ಕ ಹಾಕುತ್ತವೆ.

ಎಷ್ಟೋ ಸಲ ಅಂಗಡಿಯವರೇ ಕೇಳದೆ ರೂಪಾಯಿ ಒತ್ತಿಬಿಡುತ್ತಾರೆ. ಸ್ಲಿಪ್‌ನಲ್ಲಿ ಮೊತ್ತದ ಪಕ್ಕ 'ಐಎನ್‌ಆರ್' (INR, ಅಂದರೆ ನಮ್ಮ ರೂಪಾಯಿ) ಕಂಡರೆ ಸಹಿ ಹಾಕಬೇಡಿ. ರದ್ದು ಮಾಡಿಸಿ ಮತ್ತೆ ಬಾತ್‌ನಲ್ಲಿ ಉಜ್ಜಿಸಿ. ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಎಟಿಎಂನಲ್ಲೂ ಇದೇ ಬಲೆ. ಪರದೆಯ ಮೇಲೆ ಪರಿವರ್ತನೆ ದರ ತೋರಿಸಿ 'ಒಪ್ಪುತ್ತೀರಾ' ಎಂದು ಕೇಳುತ್ತದೆ. 'ಬೇಡ' ಒತ್ತಿದರೆ ವ್ಯವಹಾರವೇ ರದ್ದಾದೀತೆಂದು ಜನ ಹೆದರುತ್ತಾರೆ. ಸಾಮಾನ್ಯವಾಗಿ ಹಾಗಾಗದು, ಹಣ ಬರುತ್ತದೆ. ಲೆಕ್ಕ ನಿಮ್ಮ ಬ್ಯಾಂಕಿನ ದರದಲ್ಲಿ ಆಗುತ್ತದೆ. ಪ್ರತಿ ಸಲಕ್ಕೂ ಅಲ್ಲಿಯ ಎಟಿಎಂ ಶುಲ್ಕ ಬೇರೆ ಇರುವುದರಿಂದ ಸ್ವಲ್ಪ ಸ್ವಲ್ಪ ತೆಗೆಯುವ ಬದಲು ಒಮ್ಮೆಗೇ ತೆಗೆಯಿರಿ.

ಊರು ಬಿಡುವ ಮುನ್ನವೇ ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿ, ಮಿತಿ ಹಾಕಿ. ಹೊಸ ಕಾರ್ಡುಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ.